ಇಪ್ಪತ್ತು ಪರಮಾಣುಗಳ ಚಿನ್ನ

"ಫಿಜಿಕ್ಸ್ ಓದಿ ಮುಂದೇನು ಮಾಡ್ತೀಯೇ?" ನೆರೂಳಿನ ನಮ್ಮ ಮನೆಗೆ ಬಂದವರೆಲ್ಲ ಮಗಳನ್ನು ಕೇಳುವ ಪ್ರಶ್ನೆಯಿದು. ಹನ್ನೆರಡನೆಯ ತರಗತಿ ಮುಗಿಸಿದ ಅವಳಿಗೆ ಬಿ.ಎಸ್ಸಿ. ಸೇರುವ ಆಸೆ. ನಿಜ ಹೇಳಬೇಕೆಂದರೆ, ಇಂಜಿನಿಯರಿಂಗೇ ಆಗಬೇಕೆಂದು ಹಟ ಹಿಡಿದವಳು ನಾನು. ಈ ವಾದದ ನಡುವೆ ಅವಳು ನನಗೆ ಪರಿಚಯಿಸಿದ ಹೆಸರು ಪ್ರೊ. ಶೋಭನಾ ನರಸಿಂಹನ್.

ಅವರು ಓದಿದ್ದು ನಮ್ಮ ಮುಂಬಯಿಯಲ್ಲೇ. ಸಿಎಸ್‌ಎಂಟಿಯಲ್ಲಿ ಇಳಿದು ನಡೆದೇ ಹೋಗಬಹುದಾದ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಬಿ.ಎಸ್ಸಿ., ಪವಾಯಿಯ ಐಐಟಿಯಲ್ಲಿ ಎಂ.ಎಸ್ಸಿ., 1991ರಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಅಮೆರಿಕ, ಜರ್ಮನಿಗಳಲ್ಲಿ ಸಂಶೋಧನೆ ಮಾಡಿ, 1996ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಸೇರಿದರು.

ಅವರ ಪ್ರಯೋಗಶಾಲೆ ಎಂದರೆ ಕಂಪ್ಯೂಟರ್. ವಸ್ತುವಿನ ಗುಣವೆಲ್ಲ ಅದರ ಎಲೆಕ್ಟ್ರಾನುಗಳಲ್ಲಿ ಅಡಗಿದೆ. ಆದರೆ ಅಷ್ಟೊಂದು ಎಲೆಕ್ಟ್ರಾನುಗಳ ಲೆಕ್ಕ ಇಡುವುದು ಹೇಗೆ? ಬೆಳಗಿನ ಹೊತ್ತು ನೆರೂಳು ಸ್ಟೇಷನ್ನಿನಲ್ಲಿ ಒಬ್ಬೊಬ್ಬರನ್ನೂ ಹಿಂಬಾಲಿಸುವ ಬದಲು, ಪ್ಲಾಟ್‌ಫಾರ್ಮಿನ ಎಲ್ಲೆಲ್ಲಿ ಎಷ್ಟು ಜನಸಂದಣಿ ಎಂದು ನೋಡಿದ ಹಾಗೆ, ಎಲೆಕ್ಟ್ರಾನುಗಳ ಸಾಂದ್ರತೆಯನ್ನು ತಿಳಿದರೆ ಸಾಕು. 1964-65ರಲ್ಲಿ ಈ ದಾರಿ ತೋರಿದ ವಾಲ್ಟರ್ ಕೋನ್ ಅವರಿಗೆ 1998ರಲ್ಲಿ ನೊಬೆಲ್ ಬಂತು.

ನನ್ನ ಮನಸ್ಸಿಗೆ ಹಿಡಿಸಿದ್ದು ಚಿನ್ನದ ಕಥೆ. ನಮ್ಮ ಬಳೆ, ಸರಗಳ ಚಿನ್ನ ತುಕ್ಕು ಹಿಡಿಯದು, ಸುಲಭಕ್ಕೆ ಯಾವುದರೊಂದಿಗೂ ಬೆರೆಯದು. ಅದೇ ಚಿನ್ನ ಅತಿಸೂಕ್ಷ್ಮ ಕಣವಾದಾಗ ವಿಷಕಾರಿ ಕಾರ್ಬನ್ ಮೊನಾಕ್ಸೈಡನ್ನು ಬದಲಾಯಿಸುವ ವೇಗವರ್ಧಕವಾಗುತ್ತದೆ. ಕಣದ ಆಕಾರವೂ ಇಲ್ಲಿ ಮುಖ್ಯ. ಮೆಗ್ನೀಷಿಯಂ ಆಕ್ಸೈಡಿನ ಮೇಲೆ ಗೋಪುರದಂತೆ ನಿಲ್ಲುವ 20 ಪರಮಾಣುಗಳ ಚಿನ್ನ, ತಳಕ್ಕೆ ಸ್ವಲ್ಪ ಅಲ್ಯೂಮಿನಿಯಂ ಬೆರೆಸಿದರೆ ದೋಸೆಯಂತೆ ಚಪ್ಪಟೆಯಾಗುತ್ತದೆ ಎಂದು ಶೋಭನಾ ಮತ್ತು ಸಂಗಡಿಗರು 2011ರಲ್ಲಿ ಲೆಕ್ಕದಿಂದಲೇ ತೋರಿಸಿದರು. ಚಿನ್ನವನ್ನು ಮುಟ್ಟದೆ, ಅದರ ಕೆಳಗಿನ ನೆಲವನ್ನಷ್ಟೇ ಬದಲಿಸಿ!

ಹೆಣ್ಣುಮಕ್ಕಳ ವಿಷಯದಲ್ಲೂ ನೆಲ ಬದಲಾಗಬೇಕಿತ್ತು. 1933ರಲ್ಲಿ ಮುಂಬಯಿಯಿಂದ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಕಮಲಾ ಭಾಗವತ್ ಅವರಿಗೆ, ಹೆಣ್ಣೆಂಬ ಕಾರಣಕ್ಕೆ ಸರ್ ಸಿ.ವಿ. ರಾಮನ್ ಮೊದಲು ಪ್ರವೇಶ ನಿರಾಕರಿಸಿದ್ದರು. ಪಟ್ಟು ಬಿಡದೆ, ಷರತ್ತುಗಳಿಗೆ ಒಪ್ಪಿ ಸೇರಿದ ಆಕೆ ಮುಂದೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದ ಕಮಲಾ ಸೊಹೊನಿ ಎಂದು ಹೆಸರಾದರು.

ಶೋಭನಾ ತಾವು ಮುಂದೆ ಹೋದದ್ದಷ್ಟಕ್ಕೆ ತೃಪ್ತಿಪಡಲಿಲ್ಲ. ಇಟಲಿಯ ಟ್ರಿಯೆಸ್ಟ್‌ನಲ್ಲಿ 2013ರಿಂದ ಭೌತಶಾಸ್ತ್ರದ ಮಹಿಳೆಯರಿಗಾಗಿ ಕಾರ್ಯಾಗಾರಗಳನ್ನು ನಡೆಸಿದರು. ಆಫ್ರಿಕದ ವಿದ್ಯಾರ್ಥಿಗಳಿಗೂ ಕಲಿಸಿದರು. ಕರ್ನಾಟಕ ಸರ್ಕಾರದ ಕಲ್ಪನಾ ಚಾವ್ಲಾ ಪ್ರಶಸ್ತಿ 2010ರಲ್ಲಿ ಅವರಿಗೆ ಸಂದಿತು.

ಇದನ್ನೆಲ್ಲ ಓದಿದ ಮೇಲೆ ಮಗಳೊಡನೆ ವಾದಿಸಲು ನನಗೆ ಬಾಯಿ ಬರಲಿಲ್ಲ. ಅವಳು ಬಿ.ಎಸ್ಸಿ. ಅರ್ಜಿ ತುಂಬಿದಳು. ಫೀಸು ಕಟ್ಟಿದವಳು ನಾನೇ.