ಗುಪ್ತ ಮೆಟ್ಟಿಲಿನ ಹಿಂದಿದ್ದ ಲೇಖಕಿ

ಇಂಗ್ಲಿಷ್ ಶಾಲೆಗಳಲ್ಲಿ ಓದಿದ ನಮ್ಮ ಮನೆಗಳ ಮಕ್ಕಳಲ್ಲಿ ನ್ಯಾನ್ಸಿ ಡ್ರೂ ಎಂಬ ಹದಿಹರೆಯದ ಹವ್ಯಾಸಿ ಪತ್ತೇದಾರಳನ್ನು ಬಲ್ಲವರು ಅನೇಕರು. ಅವಳ ಕಥೆಗಳ ಮುಖಪುಟದಲ್ಲಿ ಕ್ಯಾರೊಲಿನ್ ಕೀನ್ ಎಂಬ ಹೆಸರಿರುತ್ತದೆ. ಅಂಥ ಲೇಖಕಿಯೊಬ್ಬಳು ಎಂದೂ ಇರಲೇ ಇಲ್ಲವೆಂಬ ಸಂಗತಿ ನಮಗೆ ತಿಳಿದದ್ದು ಬಹಳ ತಡವಾಗಿ.

1930ರ ಏಪ್ರಿಲ್ 28ರಂದು ನ್ಯೂಯಾರ್ಕಿನ ಗ್ರಾಸೆಟ್ ಅಂಡ್ ಡನ್ಲಪ್ ಪ್ರಕಾಶನವು ಈ ಮಾಲೆಯ ಮೂರು ಪುಸ್ತಕಗಳನ್ನು ಒಮ್ಮೆಗೇ ಹೊರತಂದಿತು. ಹೊಸ ನಾಯಕಿಯನ್ನು ಓದುಗರು ಒಪ್ಪುವರೇ ಎಂದು ಪರೀಕ್ಷಿಸುವ ವ್ಯಾಪಾರದ ಉಪಾಯವದು. ಅವುಗಳಲ್ಲಿ ಎರಡನೆಯದು 'ದಿ ಹಿಡನ್ ಸ್ಟೇರ್‌ಕೇಸ್'. ಮೊದಲ ಕಥೆಯಲ್ಲಿ ನ್ಯಾನ್ಸಿ ಅನ್ಯರ ಮರಣಶಾಸನವೊಂದನ್ನು ಹುಡುಕಿದ್ದಳು. ಇಲ್ಲಿ ಕಷ್ಟವು ಅವಳ ಮನೆಯ ಬಾಗಿಲಿಗೇ ಬಂದಿದೆ. ವೃದ್ಧ ಸೋದರಿಯರ ಹಳೆಯ ಮನೆಯಲ್ಲಿ ಬೀಗ ಹಾಕಿದ ಕೋಣೆಗಳಿಂದ ವಸ್ತುಗಳು ಮಾಯವಾಗುತ್ತಿವೆ. ಅತ್ತ ಅವಳ ವಕೀಲ ತಂದೆಯೇ ಸೆರೆಯಾಗಿದ್ದಾನೆ. ಭೂತದ ಮಾತನ್ನು ನಂಬದ ಹದಿನಾರರ ಹುಡುಗಿ ಒಬ್ಬಳೇ ಕತ್ತಲೆಯ ಮೆಟ್ಟಿಲುಗಳನ್ನು ಇಳಿಯುತ್ತಾಳೆ. ಮಾಲೆ ಬೆಳೆಯಬಲ್ಲುದೆಂಬುದನ್ನು ತೋರಿದ್ದು ಈ ಎರಡನೆಯ ಪುಸ್ತಕವೇ ಎಂಬುದು ನಮ್ಮ ಅಭಿಪ್ರಾಯ.

ಇದನ್ನು ಬರೆದವರು ಅಯೋವಾ ಪ್ರಾಂತ್ಯದ ಲಡೋರಾ ಎಂಬ ಪುಟ್ಟ ಊರಿನ ಮಿಲ್ಡ್ರೆಡ್ ವರ್ಟ್. ಆಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಸ್ಟ್ರೇಟ್‌ಮೇಯರ್ ಸಿಂಡಿಕೇಟ್ ಎಂಬ ಸಂಸ್ಥೆಯು ಕಥೆಯ ಹಂದರವನ್ನು ಕೊಡುತ್ತಿತ್ತು. ಬರೆದವರಿಗೆ ಪುಸ್ತಕವೊಂದಕ್ಕೆ 125 ಡಾಲರ್ ಸಂದರೆ ಲೆಕ್ಕ ತೀರಿದಂತೆ. ಹಕ್ಕೂ ಹೆಸರೂ ಸಂಸ್ಥೆಯವು. ನಮ್ಮಲ್ಲಿಯೂ ವಚನಕಾರರು ಅಂಕಿತವಿಟ್ಟರು, ಬೇಂದ್ರೆಯವರು ಅಂಬಿಕಾತನಯದತ್ತರಾದರು. ಆದರೆ ಆ ಅಂಕಿತಗಳನ್ನು ಅವರೇ ಆರಿಸಿಕೊಂಡಿದ್ದರು. ಇಲ್ಲಿ ಅಂಕಿತವೇ ಒಡೆಯನ ಆಸ್ತಿ. ಸಂಸ್ಥೆಯನ್ನು ಕಟ್ಟಿದ ಎಡ್ವರ್ಡ್ ಸ್ಟ್ರೇಟ್‌ಮೇಯರ್ ಆ ಮೇ 10ರಂದೇ ತೀರಿಕೊಂಡರು; ಆಡಳಿತವು ಹೆಣ್ಣುಮಕ್ಕಳಿಬ್ಬರ ಕೈಗೆ ಬಂತು. ಆರ್ಥಿಕ ಕುಸಿತದ ದಿನಗಳಲ್ಲಿ ಸಂಭಾವನೆಯನ್ನು 75 ಡಾಲರಿಗೆ ಇಳಿಸಿದಾಗ ಮಿಲ್ಡ್ರೆಡ್ ಒಪ್ಪಲಿಲ್ಲ, ಮೂರು ಪುಸ್ತಕಗಳು ಬೇರೊಬ್ಬರ ಪಾಲಾದವು. ಆದರೂ ಮೊದಲ ಮೂವತ್ತರಲ್ಲಿ 23 ಅವರವೇ.

1959ರಲ್ಲಿ ಹಿರಿಯ ಮಗಳು ಹ್ಯಾರಿಯೆಟ್ ಆಡಮ್ಸ್ ಈ ಪುಸ್ತಕವನ್ನು ತಿದ್ದಿ ಬರೆದರು. ಕರಿಯರನ್ನು ಹೀನವಾಗಿ ಚಿತ್ರಿಸಿದ್ದ ಭಾಗಗಳು ಹೋದವು. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ತಂದೆಯ ಪಿಸ್ತೂಲನ್ನು ಹಿಡಿದು ಒಂಟಿಯಾಗಿ ಹೊರಟಿದ್ದ ಹುಡುಗಿಯ ಮೊಂಡು ಧೈರ್ಯವೂ ಕೊಂಚ ಸವೆಯಿತು. ವಯಸ್ಸು ಹದಿನೆಂಟಾಯಿತು, ನಡತೆ ಹೆಚ್ಚು ವಿನಯದ್ದಾಯಿತು. ನಮಗಂತೂ ಹಳೆಯ ನ್ಯಾನ್ಸಿಯೇ ಇಷ್ಟ.

ಹ್ಯಾರಿಯೆಟ್ ತಾವೇ ಕ್ಯಾರೊಲಿನ್ ಕೀನ್ ಎಂದು ಲೋಕಕ್ಕೆ ಹೇಳುತ್ತ ಬಂದಿದ್ದರು. ಹೊಸ ಪುಸ್ತಕಗಳನ್ನು ಸಂಸ್ಥೆಯು ಮತ್ತೊಬ್ಬ ಪ್ರಕಾಶಕರಿಗೆ ಕೊಟ್ಟದ್ದರಿಂದ ಹುಟ್ಟಿದ ವ್ಯಾಜ್ಯವು 1980ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂತು. ಸಾಕ್ಷಿ ಹೇಳಲು ಬಂದವರು, ಟೊಲೀಡೊ ನಗರದಲ್ಲಿ ಪತ್ರಕರ್ತೆಯಾಗಿದ್ದ ಎಪ್ಪತ್ತನಾಲ್ಕರ ಮಿಲ್ಡ್ರೆಡ್. ಹಳೆಯ ಪತ್ರಗಳು, ಕರಾರುಗಳು ಹೊರಬಿದ್ದವು. ಪುಸ್ತಕಗಳನ್ನು ಬರೆದ ಕೈ ಯಾರದೆಂಬುದು ಐವತ್ತು ವರ್ಷಗಳ ಬಳಿಕ ದಾಖಲೆಗೆ ಸೇರಿತು. 1993ರಲ್ಲಿ ಅವರು ಓದಿದ ಅಯೋವಾ ವಿಶ್ವವಿದ್ಯಾಲಯವೇ ನ್ಯಾನ್ಸಿ ಡ್ರೂ ಕುರಿತು ಸಮ್ಮೇಳನ ನಡೆಸಿ ಅವರನ್ನು ಗೌರವಿಸಿತು.

2002ರ ಮೇ ತಿಂಗಳಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಮಿಲ್ಡ್ರೆಡ್ ಪತ್ರಿಕೆಗೆ ಬರೆಯುತ್ತಿದ್ದರು. 1930ರ ಮೂಲ ಪಾಠವನ್ನು ಆ್ಯಪಲ್‌ವುಡ್ ಪ್ರಕಾಶನವು 1991ರಲ್ಲಿ ಇದ್ದಂತೆಯೇ ಮರುಮುದ್ರಿಸಿತು. ಅದರ ಮುಖಪುಟದಲ್ಲಿಯೂ ಕ್ಯಾರೊಲಿನ್ ಕೀನ್ ಎಂದೇ ಇದೆ.