ಹಸಿವಿನ ನೆಲೆ: ಸ್ಥೂಲದೇಹದ ಚಿಕಿತ್ಸೆಗೆ ಮನೋವೈದ್ಯರು ಬಂದ ಬಗೆ

ಸ್ಥೂಲಕಾಯವನ್ನು ಮನೋವೈದ್ಯರೂ ನರರೋಗ ತಜ್ಞರೂ ನೋಡಬೇಕಾದ ಸ್ಥಿತಿಯೆಂದು ಆಧುನಿಕ ವೈದ್ಯಶಾಸ್ತ್ರ ಒಪ್ಪಿಕೊಂಡದ್ದು ಕಳೆದ ಶತಮಾನದಲ್ಲಿ. ಆದರೆ ದೇಹದ ಕೊಬ್ಬಿಗೂ ಮನಸ್ಸಿನ ಸ್ಥಿತಿಗೂ ನಂಟಿದೆಯೆಂಬ ಮಾತು ಚರಕಸಂಹಿತೆಯಷ್ಟು ಹಳೆಯದು. ಅದರ ಸೂತ್ರಸ್ಥಾನದ 21ನೆಯ ಅಧ್ಯಾಯ ಅತಿಸ್ಥೂಲತೆಗೆ ಸಿಹಿ, ಜಿಡ್ಡು, ಹಗಲುನಿದ್ದೆಗಳ ಜೊತೆಗೆ ಚಿಂತೆಯಿಲ್ಲದಿರುವುದನ್ನೂ ಕಾರಣವಾಗಿ ಎಣಿಸುತ್ತದೆ, ಪರಿಹಾರವಾಗಿ ವ್ಯಾಯಾಮ, ಜಾಗರಣೆ, ಚಿಂತನೆಗಳನ್ನು ಕ್ರಮವಾಗಿ ಹೆಚ್ಚಿಸಿಕೊಳ್ಳಲು ಹೇಳುತ್ತದೆ. (ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆಂದು ತಿಳಿದಿರುವ ಇಂದಿನ ವೈದ್ಯರು ಜಾಗರಣೆಯ ಸಲಹೆಯನ್ನು ಕೊಡಲಾರರು.) ಇದಕ್ಕಿಂತ ಗಮನಾರ್ಹವಾದದ್ದು ಹಸಿವಿನ ವಿವರಣೆ: ಮೇದಸ್ಸು, ಅಂದರೆ ಕೊಬ್ಬು, ಸ್ರೋತಸ್ಸುಗಳೆಂಬ ದೇಹದ ನಾಳಗಳನ್ನು ಅಡ್ಡಗಟ್ಟಿದಾಗ ವಾಯು ಕೋಷ್ಠದಲ್ಲಿಯೇ, ಅಂದರೆ ಹೊಟ್ಟೆಯೊಳಗೇ, ಸುಳಿದಾಡಿ ಜಠರಾಗ್ನಿಯನ್ನು ಕೆರಳಿಸುತ್ತದೆ, ಆದ್ದರಿಂದ ಸ್ಥೂಲನಿಗೆ ಮತ್ತೆ ಮತ್ತೆ ಹಸಿವಾಗುತ್ತದೆ. ಅತಿಯಾಗಿ ತಿನ್ನುವುದು ರೋಗದ ಕಾರಣವಷ್ಟೇ ಅಲ್ಲ, ಅದರ ಫಲವೂ ಹೌದೆಂಬ ಈ ತಿಳಿವು ಮುಂದೆ ಬಹುಕಾಲ ಮರೆವಿಗೆ ಸಂದಿತು. ದಪ್ಪನೆಯವನನ್ನು ಹೊಟ್ಟೆಬಾಕನೆಂದು ಹಳಿಯುವ ರೂಢಿಯಷ್ಟೇ ಉಳಿಯಿತು.

ಆದರೆ ಆ ಹಳಿಕೆಯೂ ಎಲ್ಲೆಡೆ ಇರಲಿಲ್ಲ. ಉತ್ತರ ಕನ್ನಡದಲ್ಲಿ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ, ಹುಲಗೋಳದಂಥ ಅಡಿಕೆ ತೋಟದ ಊರುಗಳಲ್ಲಿ, ದೇಹದ ಗಾತ್ರ ಕೆಲಸದ ಹಂಚಿಕೆಯನ್ನೇ ಹೇಳುತ್ತಿತ್ತು. ಬೆಟ್ಟದಿಂದ ಸೊಪ್ಪಿನ ಹೊರೆ ತರುವವರಿಗೂ ಮರವೇರಿ ಅಡಿಕೆ ಇಳಿಸುವ ಕೊನೆಗೌಡನಿಗೂ ಕೊಬ್ಬು ಕೂಡಿಡುವ ಅವಕಾಶವಿರಲಿಲ್ಲ. ಸಮಾರಾಧನೆಯ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ಬಡಿಸುವವರ ಒತ್ತಾಯಕ್ಕೆ ಮಣಿದು ಇನ್ನೊಂದನ್ನು ಉಣ್ಣುವ ಯಜಮಾನನ ಹೊಟ್ಟೆ ಅನುಕೂಲಸ್ಥಿಕೆಯ ಗುರುತಾಗಿತ್ತೇ ಹೊರತು ರೋಗವೆನಿಸಿರಲಿಲ್ಲ. ಸುಲಿಯುವ ಯಂತ್ರ, ನೆಲದಲ್ಲಿ ನಿಂತೇ ಕೊಯ್ಯುವ ದೋಟಿ, ಅಂಗಳದವರೆಗೆ ಬರುವ ವಾಹನಗಳಿಂದ ಶ್ರಮ ತಗ್ಗಿತು, ಊಟದ ಅಳತೆ ಅಷ್ಟು ಬೇಗ ತಗ್ಗಲಿಲ್ಲ.

ಬೊಜ್ಜಿನ ಮಾತು ಹಾಗಿರಲಿ, ಮನೋರೋಗದ ಚಿಕಿತ್ಸೆಯೇ ಈ ಸೀಮೆಗೆ ದೂರದ್ದಾಗಿತ್ತು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಘಟ್ಟದ ಮೇಲಿನವರಿಗೆ ಎಟಕುವ ಮಾನಸಿಕ ಆಸ್ಪತ್ರೆಯೆಂದರೆ ಧಾರವಾಡದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಆ ಸಂಸ್ಥೆಯನ್ನು ಈಗ ಡಿಮ್ಹಾನ್ಸ್ ಎನ್ನುತ್ತಾರೆ. ಬೆಂಗಳೂರಿನಲ್ಲಿ 1954ರಲ್ಲಿ ತೆರೆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದವು, ಮನೋವೈದ್ಯರೂ ನರವೈದ್ಯರೂ ಒಂದೇ ಸಂಸ್ಥೆಯಲ್ಲಿ ಕೂಡಿ ಕೆಲಸ ಮಾಡುವ ಏರ್ಪಾಡು ಗಟ್ಟಿಯಾಯಿತು.

ಅಷ್ಟರೊಳಗೆ ಹಸಿವಿನ ನೆಲೆ ಮಿದುಳಿನಲ್ಲಿ ಪತ್ತೆಯಾಗಿತ್ತು. ಪಿಟ್ಯುಟರಿ ಗ್ರಂಥಿಯ ಬಳಿ ಗಡ್ಡೆ ಬೆಳೆದು ದೃಷ್ಟಿ ಕುಂದಿ ಮೈ ಬೊಜ್ಜುಗಟ್ಟಿದ ಹುಡುಗನನ್ನು ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಕ್ 1901ರಲ್ಲಿ ವರ್ಣಿಸಿದ್ದನು. ಮಿದುಳಿನ ತಳದಲ್ಲಿದ್ದು ಹಸಿವು, ಬಾಯಾರಿಕೆ, ಮೈಬಿಸಿಗಳನ್ನು ನಿಯಂತ್ರಿಸುವ ಹೈಪೊಥಾಲಮಸ್ಸಿಗೆ ಗಾಯ ಮಾಡಿದರೆ ಇಲಿಗಳು ವಿಪರೀತ ಕೊಬ್ಬುತ್ತವೆಂದು 1940ರಲ್ಲಿ ಹೆದರಿಂಗ್ಟನ್ ಮತ್ತು ರಾನ್ಸನ್ ತೋರಿಸಿದರು. ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗವನ್ನು ಕಟ್ಟಿದ ಬಾಲಕೃಷ್ಣ ಆನಂದ್ ಅವರು 1951ರಲ್ಲಿ ಅಮೆರಿಕದ ಬ್ರೋಬೆಕ್ ಜೊತೆಗೂಡಿ ಅದೇ ಅಂಗದ ಎರಡೂ ಪಕ್ಕಗಳಿಗೆ ಗಾಯ ಮಾಡಿದಾಗ ಇಲಿಗಳು ಆಹಾರ ಎದುರಿಗಿದ್ದರೂ ತಿನ್ನುವುದನ್ನೇ ನಿಲ್ಲಿಸಿದವು.

ಆದರೆ ಮನೋವೈದ್ಯರನ್ನು ತೂಕದ ಯಂತ್ರದ ಬಳಿಗೆ ಎಳೆತಂದದ್ದು ಈ ಪ್ರಯೋಗಗಳಿಗಿಂತ ಹೆಚ್ಚಾಗಿ ಅವರದೇ ಔಷಧಗಳು. 1952ರಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜೈನ್ ಉಗ್ರ ಚಿತ್ತವಿಕಾರವನ್ನು ತಣಿಸಿತು, ತೂಕವನ್ನೂ ಏರಿಸಿತು. 1990ರ ದಶಕದ ಒಲಾಂಜಪೈನ್ ಇನ್ನೂ ಹೆಚ್ಚು ಏರಿಸಿತು. ಅಪಸ್ಮಾರಕ್ಕೆ ನರವೈದ್ಯರು ಕೊಡುವ ವಾಲ್‌ಪ್ರೊಯೇಟ್ ಕೂಡ ಇದೇ ಸಾಲಿನದು. ಅವರದೇ ಇನ್ನೊಂದು ಮಾತ್ರೆ, ಟೊಪಿರಮೇಟ್, ಹಸಿವನ್ನು ತಗ್ಗಿಸುತ್ತದೆಂಬುದು ವಿಚಿತ್ರ. ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲಿ ಕೂಡಿ, ಒಲಾಂಜಪೈನ್‌ನಂಥ ಚಿತ್ತವಿಕಾರದ ಔಷಧ ತೊಡಗುವಾಗಲೇ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶಗಳನ್ನು ದಾಖಲಿಸಬೇಕು, 4, 8, 12ನೆಯ ವಾರಗಳಲ್ಲಿ ಮತ್ತೆ ತೂಗಬೇಕು ಎಂದವು. ಅಳತೆಯ ವಿಧಾನ ಸರಳ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟ ಹೊತ್ತಿಗೆ ಟೇಪು ಸುತ್ತುತ್ತಾರೆ, ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕೆನ್ನುತ್ತಾರೆ.

ಚಿಕಿತ್ಸೆಯ ಇನ್ನೊಂದು ಎಳೆ ನಡವಳಿಕೆಯದು. ಆಲ್ಬರ್ಟ್ ಸ್ಟಂಕಾರ್ಡ್ ಎಂಬ ಮನೋವೈದ್ಯ 1959ರಲ್ಲಿ ಹತೋಟಿ ತಪ್ಪಿ ಒಮ್ಮೆಲೇ ತಿನ್ನುವ ರೋಗಿಗಳನ್ನು ಬೇರೆ ಗುಂಪಾಗಿ ಗುರುತಿಸಿದನು. 1967ರಲ್ಲಿ ರಿಚರ್ಡ್ ಸ್ಟುವರ್ಟ್, ಏನನ್ನು, ಎಲ್ಲಿ, ಯಾವ ಮನಃಸ್ಥಿತಿಯಲ್ಲಿ ತಿಂದರೆಂದು ರೋಗಿಗಳಿಂದಲೇ ಬರೆಸುವ ಪದ್ಧತಿಯನ್ನು ರೂಢಿಗೆ ತಂದನು. ಮಲೆನಾಡಿನ ಮನೆಯಲ್ಲಿ ಹಾಗೆ ಬರೆದಿಟ್ಟರೆ ಮದುವೆ, ಉಪನಯನ, ತಿಥಿಗಳ ಊಟವೇ ಪುಟ ತುಂಬೀತು, ಅದನ್ನು ನಿರಾಕರಿಸುವ ಸಂಕೋಚಕ್ಕೂ ಒಂದು ಸಾಲು ಬೇಕಾದೀತು. ಬರಿಯ ಮಾತ್ರೆಯ ದಾರಿ ಅಪಾಯಕರವೆಂಬುದು ರಿಮೊನಬಂಟ್‌ನಿಂದ ತಿಳಿಯಿತು: ಹಸಿವಿಳಿಸುತ್ತಿದ್ದ ಆ ಔಷಧ ಖಿನ್ನತೆಯನ್ನು ತರುತ್ತಿದ್ದುದರಿಂದ 2008ರಲ್ಲಿ ಯೂರೋಪಿನ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ಕರ್ನಾಟಕ ಸರ್ಕಾರ 2014ರಲ್ಲಿ ತೊಡಗಿದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಾದ ಮೇಲೆ ಈ ಜ್ಞಾನ ಧಾರವಾಡದ ದಾರಿ ಹಿಡಿಯದೆಯೂ ದೊರೆಯುವಂತಾಯಿತು. ಮೈ ದಪ್ಪವಾಯಿತೆಂದು ರೋಗಿ ತಾನಾಗಿ ಮನೋರೋಗದ ಮಾತ್ರೆ ಬಿಟ್ಟರೆ ರೋಗ ಮರುಕಳಿಸಬಹುದು. ಆದ್ದರಿಂದ ವೈದ್ಯರು ಔಷಧವನ್ನು ಬದಲಿಸುತ್ತಾರೆ, ಇಲ್ಲವೇ ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ ಸೇರಿಸುತ್ತಾರೆ, ಊಟ ಬಡಿಸುವವರನ್ನೂ ಜೊತೆಗೆ ಕರೆತರಲು ಹೇಳುತ್ತಾರೆ.