ದಾಳಿ ಯಾರ ಮೇಲೆ, ಜೈಲು ಯಾರಿಗೆ?

ವೀಕ್ಷಕರೇ, ಈ ಸುದ್ದಿಯನ್ನು ನೀವು ನೂರು ಸಲ ನೋಡಿದ್ದೀರಿ, ನಾನು ನೂರು ಸಲ ಓದಿದ್ದೀನಿ. ‘ಲಾಡ್ಜ್ ಮೇಲೆ ಪೊಲೀಸರ ದಾಳಿ, ಯುವತಿಯರ ರಕ್ಷಣೆ’. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಜೀಪು ಹತ್ತುವ ಹೆಣ್ಣುಮಕ್ಕಳು, ಅವರ ಹಿಂದೆ ಓಡುವ ನಮ್ಮ ಕ್ಯಾಮೆರಾ. ರಕ್ಷಣೆ ಆಗಿದ್ದರೆ ಇವರನ್ನು ಕಳ್ಳರ ಥರ ಯಾಕೆ ಅಟ್ಟಿಸಿಕೊಂಡು ಹೋಗ್ತಿದ್ದೀವಿ? ಈ ಪ್ರಶ್ನೆ ತಲೆಯಲ್ಲಿ ಕೂತ ದಿನ ಕಾನೂನು ಪುಸ್ತಕ ತೆಗೆದೆ. ಇಂಜಿನಿಯರಿಂಗ್ ಓದಿದವನ ಚಾಳಿ, ಕಲಂಗಳನ್ನೂ ಸರ್ಕ್ಯೂಟ್ ಥರ ನೋಡ್ತೀನಿ. ಕರೆಂಟು ಎಲ್ಲಿಂದ ಹೊರಟು ಯಾರಿಗೆ ಶಾಕ್ ಹೊಡೆಯುತ್ತೆ?

ಮೊದಲ ಅಚ್ಚರಿ ಅಲ್ಲೇ ಇತ್ತು. ವಯಸ್ಕ ಹೆಣ್ಣೊಬ್ಬಳು ತಾನಾಗಿ ಮೈ ಮಾರಿಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧವೇ ಅಲ್ಲ! 1956ರ ಕಾಯ್ದೆ, ಅಂದರೆ ಪೊಲೀಸರ ಬಾಯಲ್ಲಿ ಐಟಿಪಿ ಆಕ್ಟ್, ಶಿಕ್ಷೆ ಕೊಡುವುದು ಅದರ ಸುತ್ತಲಿನ ವ್ಯವಹಾರಕ್ಕೆ. ವೇಶ್ಯಾಗೃಹ ನಡೆಸಿದರೆ ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ. ಹೆಣ್ಣನ್ನು ಈ ದಂಧೆಗೆ ತಂದರೆ ಮೂರರಿಂದ ಏಳು ವರ್ಷ, ತಂದದ್ದು ಮಗುವನ್ನಾದರೆ ಏಳು ವರ್ಷದಿಂದ ಜೀವಾವಧಿಯವರೆಗೆ. ಇಲ್ಲಿಯವರೆಗೆ ಸರಿ, ಯಾರೂ ತಕರಾರು ಮಾಡಲ್ಲ.

ಈಗ 8ನೇ ಕಲಂ ನೋಡಿ. ರಸ್ತೆಯಲ್ಲಿ ನಿಂತು ಗಿರಾಕಿ ಕರೆದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು. ಅದೇ ತಪ್ಪನ್ನು ಗಂಡಸು ಮಾಡಿದರೆ? ಏಳು ದಿನದಿಂದ ಮೂರು ತಿಂಗಳು. 1986ರಲ್ಲಿ ಕಾಯ್ದೆಗೆ ಹೊಸ ಹೆಸರಿಟ್ಟು ದುರಸ್ತಿ ಮಾಡಿದ ಮೇಲೂ ಈ ತಕ್ಕಡಿ ಹೀಗೇ ಇದೆ.

ಕಥೆ ಶುರುವಾಗೋದು ಇನ್ನೂ ಹಿಂದೆ. ಬ್ರಿಟಿಷರ ಕಾಲದಲ್ಲಿ ಪ್ರಾಂತ್ಯಕ್ಕೊಂದು ಕಾನೂನು. ಬಾಂಬೆಯಲ್ಲಿ 1923ರದ್ದು, ಮದ್ರಾಸಿನಲ್ಲಿ 1930ರದ್ದು. ಸ್ವಾತಂತ್ರ್ಯ ಬಂತು, ಮನುಷ್ಯರನ್ನು ಮಾರುವುದನ್ನು ಸಂವಿಧಾನದ 23ನೇ ವಿಧಿ ನಿಷೇಧಿಸಿತು, 1950ರಲ್ಲಿ ನ್ಯೂಯಾರ್ಕ್‌ನಲ್ಲಿ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿತು. ಆ ಸಹಿಯ ಫಲವೇ 1956ರ ಕಾಯ್ದೆ. ಜಾರಿಗೆ ಬಂದದ್ದು 1958ರ ಮೇ 1ಕ್ಕೆ.

ಅದೇ ಮೇ 1ರಂದು ಅಲಹಾಬಾದ್ ಹೈಕೋರ್ಟಿಗೆ ಒಬ್ಬಳು ಬಂದಳು. ಹುಸ್ನಾ ಬಾಯಿ, ವಯಸ್ಸು 24. ತಾನು ವೇಶ್ಯೆ ಅಂತ ಮುಚ್ಚುಮರೆಯಿಲ್ಲದೆ ಅರ್ಜಿಯಲ್ಲಿ ಬರೆಸಿದ್ದಳು. ತಮ್ಮಂದಿರು ಸೇರಿ ಮನೆಯವರ ಹೊಟ್ಟೆ ತುಂಬುವುದು ತನ್ನ ದುಡಿಮೆಯಿಂದ, ಸಂವಿಧಾನ ಎಲ್ಲರಿಗೂ ಕೊಟ್ಟ ವೃತ್ತಿಯ ಹಕ್ಕು ತನಗೂ ಇದೆ ಅಂತ ವಾದ. ನಾನು ಈ ಅರ್ಜಿಯ ಬಗ್ಗೆ ಓದಿದಾಗ ಒಂದು ನಿಮಿಷ ಸುಮ್ಮನೆ ಕೂತೆ. ಸಂವಿಧಾನಕ್ಕೆ ಆಗಿನ್ನೂ ಎಂಟು ವರ್ಷ. ಅದನ್ನು ನಂಬಿದ್ದು ಯಾರು ನೋಡಿ! ಈ ಕಾಯ್ದೆ ಬೇಕು ಅಂತ ಹೋರಾಡಿದ ಮಹಿಳಾ ನಾಯಕಿಯರಿಗೆ ಇದು ಕಸಿವಿಸಿ ತಂದಿರಲೇಬೇಕು. ಅವರ ಉದ್ದೇಶ ಕೆಟ್ಟದ್ದಲ್ಲ, ಆದರೆ ಯಾರಿಗಾಗಿ ಕಾನೂನು ತಂದರೋ ಅವಳೇ ಬೇಡ ಅನ್ನುತ್ತಿದ್ದಳು.

ಅರ್ಜಿ ಕೆಲವೇ ದಿನಗಳಲ್ಲಿ ವಜಾ ಆಯಿತು. ಆಕೆಯ ಮೇಲೆ ಇನ್ನೂ ಯಾವ ಕ್ರಮವೂ ಆಗಿಲ್ಲ ಅನ್ನೋದು ಕಾರಣ. ಆದರೆ ಜಗಳ ಅಲ್ಲಿಗೆ ನಿಲ್ಲಲಿಲ್ಲ. 20ನೇ ಕಲಮಿನ ಪ್ರಕಾರ ಇಂಥ ಹೆಣ್ಣನ್ನು ಊರು ಬಿಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಕಾನ್ಪುರದ ಕೌಶಲ್ಯ ಮತ್ತು ಜೊತೆಗಾರ್ತಿಯರು ಅದನ್ನು ಪ್ರಶ್ನಿಸಿ ಹೈಕೋರ್ಟಿನಲ್ಲಿ ಗೆದ್ದರು. 1963ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಕಲಂ ಸರಿ ಅಂದಿತು. ಗಿರಾಕಿಗೆ ಊರು ಬಿಡು ಅನ್ನುವ ಕಲಂ ಇಡೀ ಕಾಯ್ದೆಯಲ್ಲಿ ನನಗೆ ಸಿಗಲಿಲ್ಲ.

ನಮ್ಮ ರಾಜ್ಯದ ದಾರಿ ಬೇರೆ, ಇಲ್ಲಿ ಪ್ರಶ್ನೆ ದೇವರ ಹೆಸರಿನದು. ಮೈಸೂರು ಸಂಸ್ಥಾನ 1909ರಲ್ಲೇ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತ್ತು. ಆಗ ಬಾಂಬೆಗೆ ಸೇರಿದ್ದ ಬೆಳಗಾವಿ, ಧಾರವಾಡದ ಕಡೆಗೆ 1934ರ ಕಾನೂನು. ಆದರೂ ಮುತ್ತು ಕಟ್ಟುವುದು ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕದ ಶಾಸಕಾಂಗ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಂದಿತು. ಆ ಕಾಯ್ದೆಯಲ್ಲಿ ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಜೈಲು ಇತ್ತು. ಕಟ್ಟಿಸಿದ್ದು ಅಪ್ಪ, ಅಮ್ಮ ಅಥವಾ ಸಂಬಂಧಿಕರಾದರೆ ಎರಡರಿಂದ ಐದು ವರ್ಷ ಇತ್ತು. ಮಗಳನ್ನು ಕಾಯಬೇಕಾದವರೇ ಒಪ್ಪಿಸಿದರೆ ಹೆಚ್ಚು ಶಿಕ್ಷೆ ಅನ್ನುವ ತರ್ಕ ಒಪ್ಪುವಂಥದ್ದೇ. ಆದರೆ ದೂರು ಕೊಡೋರು ಯಾರು? ಹತ್ತು ವರ್ಷದ ಹುಡುಗಿ ತನ್ನ ಅವ್ವನ ಮೇಲೆ ಠಾಣೆಗೆ ಹೋಗ್ತಾಳಾ?

2022ರ ಮೇ 19ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಅದರಲ್ಲಿ ಕೊಡಗಿನ ಎ.ಎಸ್. ಬೋಪಣ್ಣ ಒಬ್ಬರು, ಈ ಹೆಣ್ಣುಮಕ್ಕಳನ್ನೂ ಘನತೆಯಿಂದ ಕಾಣಬೇಕು ಅಂತ ಆದೇಶ ಕೊಟ್ಟಿತು. ಅದರಲ್ಲಿ ಒಂದು ಮಾತು ನೇರವಾಗಿ ನಮಗೇ, ಟೀವಿಯವರಿಗೆ. ದಾಳಿ ಹೊತ್ತಿನಲ್ಲಿ ಆರೋಪಿ ಆಗಲಿ, ಸಂತ್ರಸ್ತೆ ಆಗಲಿ, ಗುರುತು ಬಯಲು ಮಾಡಬೇಡಿ. ಮಾಡಿದರೆ ಕದ್ದು ನೋಡುವವರಿಗೆ ಆಗ ಇದ್ದ 354ಸಿ ಕಲಂ ಅನ್ವಯಿಸಬಹುದಿತ್ತು.

ಆ ಸಾಲು ಓದಿ ನಮ್ಮ ಹಳೆಯ ದಾಳಿ ವಿಡಿಯೋಗಳನ್ನು ತೆಗೆಸಿ ನೋಡಿದೆ. ಮುಖಗಳೇನೋ ಮಸುಕಾಗಿದ್ದವು. ಬಟ್ಟೆ, ಕೈಯ ಹಚ್ಚೆ, ಬಾಗಿಲ ಮೇಲಿನ ಲಾಡ್ಜಿನ ಬೋರ್ಡು ಎಲ್ಲವೂ ಸ್ಪಷ್ಟ. ಗಿರಾಕಿಗಳು ಮಾತ್ರ ಒಂದು ಫ್ರೇಮಿನಲ್ಲೂ ಇರಲಿಲ್ಲ.